ಗೌಡರ ಕೈ ನೋಡಿ ಹಾಕಿದ ತಾಳ

ಕರೆಂಟು ಹೋಗಬಹುದಿತ್ತು. ಮೈಕು ಕಿರುಚಬಹುದಿತ್ತು. ಒಳಗೆ ಬೆಲ್ಟು ಬಿಗಿದಿದ್ದರೂ ಪಂಚೆಯನ್ನು ನಂಬುವ ಹಾಗಿಲ್ಲ. ವೇದಿಕೆಯ ಮೆಟ್ಟಿಲು ಹತ್ತುವಾಗ ನಾನು ಮೇಲೆ ಹೋಗಿ ಅದು ಕೆಳಗೇ ಉಳಿಯಬಹುದಿತ್ತು. ಎರಡನೆಯ ಚರಣದ ಬದಲು ಮೊದಲನೆಯದನ್ನೇ ಮತ್ತೆ ಹಾಡಬಹುದಿತ್ತು. ಚಕ್ಕಳಮಕ್ಕಳ ಹಾಕಿ ಕೂತ ಕಾಲು ಜೋಮು ಹಿಡಿದು, ಮಂಗಳ ಹಾಡಿ ಏಳುವಾಗ ಮೃದಂಗದ ಮೇಲೆ ಬೀಳಬಹುದಿತ್ತು. ಆಫೀಸಿನವರು ಯಾರಾದರೂ ಪಾನಕ ಕುಡಿಯಲು ಬಂದವರು ವಿಡಿಯೋ ಮಾಡಿ ಗ್ರೂಪಿಗೆ ಹಾಕಬಹುದಿತ್ತು. ರಾಮನವಮಿಗೆ ಹದಿನೈದು ದಿನ ಮೊದಲಿನಿಂದ ಇವನ್ನೆಲ್ಲ ಒಂದೊಂದಾಗಿ ಯೋಚಿಸಿ, ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಬೆವರಿದೆ. "ಚಿಂತೆ ಮಾಡೋದ್ರಲ್ಲಿ ನೀವು ಆಗ್ಲೇ ವಿದ್ವತ್ ಪಾಸಾಗಿದೀರ ಕಣ್ರೀ, ಅದಕ್ಕೆ ಕ್ಲಾಸು ಬೇಕಿರ್ಲಿಲ್ಲ" ಎಂದಳು ಹೆಂಡತಿ.

ತಮಾಷೆಯೆಂದರೆ, ನಾನು ಸಂಗೀತದ ಕ್ಲಾಸಿಗೆ ಸೇರಿದ್ದೇ ಚಿಂತೆ ಕಡಿಮೆಯಾಗಲಿ ಎಂದು. ಬಿ.ಪಿ. ನೋಡಿದ ಡಾಕ್ಟರು, "ಐವತ್ತೆರಡಕ್ಕೇ ಇಷ್ಟು ಟೆನ್ಷನ್ ಯಾಕೆ ಸಾರ್? ಹಾಡು ಗೀಡು ಏನಾದ್ರೂ ಕಲೀರಿ" ಎಂದಿದ್ದರು. ಮಾತ್ರೆಗಿಂತ ಹಾಡು ವಾಸಿ ಎಂದುಕೊಂಡು, ಬಸವೇಶ್ವರನಗರದ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ, ಗೌಡರ ಮನೆಯ ಮೇಲಿನ ಪೋರ್ಷನ್ನಿನಲ್ಲಿ ಭಾನುವಾರ ನಡೆಯುವ ದೊಡ್ಡವರ ಕ್ಲಾಸಿಗೆ ಸೇರಿದೆ. ಹೇಳಿಕೊಡುವವರು ನನಗಿಂತ ಹದಿನೈದು ವರ್ಷ ಚಿಕ್ಕವರು. ಆದರೂ ಮಂಡಿನೋವಿನ ನಾವು ಹತ್ತು ಜನ ಅವರನ್ನು ಭಯಭಕ್ತಿಯಿಂದ "ಮಿಸ್" ಎನ್ನುತ್ತೇವೆ.

ಹಾಡು ಹೇಗೋ ಬಂತು. ತಾಳ ಬರಲಿಲ್ಲ. ತೊಡೆಯ ಮೇಲೆ ಒಂದು ಏಟು, ಆಮೇಲೆ ಮೂರು ಬೆರಳು ಎಣಿಸಬೇಕು, ಆಮೇಲೆ ತಟ್ಟಿ ತಿರುಗಿಸುವುದು ಎರಡು ಸಲ, ಒಟ್ಟು ಎಂಟು. ಎಂಟರವರೆಗೆ ಎಣಿಸಲು ನನಗೆ ಒಂದನೇ ಕ್ಲಾಸಿನಲ್ಲೇ ಬರುತ್ತಿತ್ತು. ಆದರೆ ಬಾಯಿ ಹಾಡುತ್ತಿರುವಾಗ ಕೈ ಎಣಿಸಬೇಕೆಂದರೆ, ಎರಡೂ ಒಂದೇ ಮನುಷ್ಯನಿಗೆ ಸೇರಿದ್ದು ಎಂಬುದೇ ಅವಕ್ಕೆ ಮರೆತುಹೋಗುತ್ತದೆ. "ಸಾರ್, ಉಂಗುರದ ಬೆರಳು ಎಲ್ಲಿ ಹೋಯ್ತು ಸಾರ್?" ಎನ್ನುತ್ತಿದ್ದರು ಮಿಸ್. ಬೈಗುಳದ ಹಿಂದೊಂದು ಮುಂದೊಂದು "ಸಾರ್" ಇಟ್ಟು ಬೈದರೆ ಎಷ್ಟು ನೋಯುತ್ತದೆ ಎಂಬುದು ಬೈಸಿಕೊಂಡವರಿಗೇ ಗೊತ್ತು. ಅವರು ನನ್ನ ಕಡೆ ನೋಡಿದ ಕೂಡಲೇ ನನ್ನ ಐದೂ ಬೆರಳು ಒಂದಾಗಿ ಮುಷ್ಟಿಯಾಗುತ್ತಿದ್ದವು.

ಕಾಪಾಡಿದವರು ಗೌಡರು. ಮನೆಯ ಮಾಲೀಕರಾದ ಅವರೂ ನಮ್ಮ ಜೊತೆಯ ವಿದ್ಯಾರ್ಥಿ. "ಈ ಕ್ರಾಸ್ ಇರೋ ಜಾಗದಲ್ಲಿ ನಮ್ಮಪ್ಪ ರಾಗಿ ಬೆಳೀತಿದ್ರು ಸಾರ್, ಈಗ ನಾನು ರಾಗ ಬೆಳೀತಾ ಇದೀನಿ" ಎಂದು ವಾರಕ್ಕೊಮ್ಮೆಯಾದರೂ ಹೇಳಿ ತಾವೇ ನಗುತ್ತಾರೆ. ಒಂದು ಭಾನುವಾರ ನನ್ನ ಪಾಡು ನೋಡಲಾರದೆ ಪಕ್ಕಕ್ಕೆ ಬಾಗಿ, "ಮಿಸ್ ಮುಖ ಯಾಕೆ ನೋಡ್ತೀರಾ? ನನ್ನ ಕೈ ನೋಡ್ಕೊಂಡು ಹಾಕ್ಕೊಳ್ಳಿ. ಇಬ್ಬರೂ ಒಟ್ಟಿಗೆ ಹೋಗೋಣ" ಎಂದರು. ಬಾಳೆಕಾಯಿಯಂಥ ಅವರ ಬೆರಳುಗಳು ಮಡಚಿದ್ದು ದೂರದಿಂದಲೂ ಕಾಣುತ್ತದೆ. ಅಂದಿನಿಂದ ನನ್ನ ತಾಳ ಸರಿಹೋಯಿತು.

ನನಗೆ ಇದು ಹೊಸ ಪದ್ಧತಿಯೇನೂ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೂಪರಿಂಟೆಂಡೆಂಟರು ಎದುರಿಗೆ ಕೂರಿಸಿಕೊಂಡು ಫೈಲು ಮಂಡಿಸುವ ಬಗೆಯನ್ನು ಎರಡು ಗಂಟೆ ವಿವರಿಸಿದ್ದರು. ನನಗೆ ನೆನಪಿರುವುದು ಅವರ ಮೂಗಿನ ಮೇಲಿನ ಮಚ್ಚೆ ಮಾತ್ರ. ಹೊರಗೆ ಬಂದಾಗ ಪಕ್ಕದ ಸೀಟಿನವನು, "ಹಿಂದಿನ ಫೈಲ್ ನೋಡ್ಕೊಂಡು ಹಾಗೇ ಬರೀ ಗುರು" ಎಂದ. ಇಷ್ಟು ವರ್ಷ ಅದೊಂದೇ ವಾಕ್ಯದ ಮೇಲೆ ಸಂಬಳ ತಿಂದಿದ್ದೇನೆ. ನಮ್ಮ ವಿಭಾಗದಲ್ಲಿ ಎಲ್ಲರೂ ಸೀಲನ್ನು ಸ್ವಲ್ಪ ಎಡಕ್ಕೆ ವಾಲಿಸಿಯೇ ಒತ್ತುತ್ತೇವೆ. ಬಹಳ ಹಿಂದೆ ಯಾರಿಗೋ ಮಣಿಕಟ್ಟು ಉಳುಕಿದಾಗ ಶುರುವಾದದ್ದಂತೆ ಅದು. ಜೊತೆಯವರಿಂದ ಕಲಿಯುವುದರಲ್ಲಿ ಇರುವ ಅಪಾಯ ಇಷ್ಟೇ: ಮಣಿಕಟ್ಟು ವಾಸಿಯಾದ ಮೇಲೂ ಸೀಲು ನೆಟ್ಟಗಾಗುವುದಿಲ್ಲ.

ರಾಮನವಮಿಗೆ ನಮ್ಮ ಕ್ರಾಸಿನ ಗುಡಿಯ ಪೆಂಡಾಲಿನಲ್ಲಿ ನಾವು ಹಾಡುವುದೆಂದು ಗೊತ್ತಾದ ದಿನ ಮಿಸ್ ಹಾರ್ಮೋನಿಯಂ ಮುಚ್ಚಿಟ್ಟರು. "ನಮ್ಮ ಗುರುಗಳು ಬರ್ತಿದಾರೆ. ನಾನು ಕ್ಲಾಸ್ ಶುರು ಮಾಡ್ತೀನಿ ಅಂದಾಗ, ಹಾಡೋದು ಬೇರೆ, ಹೇಳಿಕೊಡೋದು ಬೇರೆ ಕಣಮ್ಮ, ನಿನ್ನ ಕೈಲಿ ಆಗುತ್ತಾ ಅಂದಿದ್ರು. ಅವರು ನಿಮ್ಮ ಗಂಟಲು ನೋಡಲ್ಲ. ನಿಮ್ಮ ಕೈ ನೋಡ್ತಾರೆ" ಎಂದರು. ಹೇಳುವಾಗ ಅವರ ದನಿ ಸಣ್ಣಗೆ ನಡುಗಿತು. ಇಷ್ಟು ದಿನ ಹೆದರಿಸುತ್ತಿದ್ದವರೇ ಈಗ ಹೆದರಿದ್ದರು. ಮಾನ ಹೋದರೆ ಅದು ನನ್ನದೊಬ್ಬನದಾಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂರುವ ಹುಬ್ಬಳ್ಳಿಯ ಸಾವಿತ್ರಿಯವರು, "ಸರ, ಕೈ ಸ್ವಲ್ಪ ಈ ಕಡಿ ಸರಸ್ರಿ, ಬೆರಳ ಕಾಣವಲ್ವು" ಎಂದರು. ನನ್ನ ಬೆರಳು ಇವರಿಗೇಕೆ ಎಂದು ಆಗ ನಾನು ಯೋಚಿಸಲಿಲ್ಲ. ಎಲ್ಲದಕ್ಕೂ ಯೋಚಿಸುವ ನಾನು ಯೋಚಿಸಬೇಕಾದ್ದನ್ನು ಬಿಟ್ಟಿದ್ದೆ.

ಆ ಸಂಜೆ ಕರೆಂಟು ಇತ್ತು. ಪಂಚೆ ನಿಂತಿತು. ಆದರೆ ಕೂರುವ ಹೊತ್ತಿಗೆ ಗುಡಿಯ ಸಮಿತಿಯವರೊಬ್ಬರು ಬಂದು, "ಗೌಡ್ರೇ, ನೀವು ಹಿಂದೆ ಬನ್ನಿ. ನಿಮ್ಮ ಹಿಂದೆ ಕೂತೋರು ದೇವರಿಗೂ ಕಾಣ್ಸಲ್ಲ" ಎಂದು ಅವರನ್ನು ಎಬ್ಬಿಸಿ ಸಾವಿತ್ರಿಯವರ ಪಕ್ಕಕ್ಕೆ ಸಾಗಿಸಿಬಿಟ್ಟರು. ಮುಂದಿನ ಸಾಲಿನ ತುದಿಯಲ್ಲಿ ನಾನು ಅನಾಥನಾದೆ. ಮಿಸ್ ನಮ್ಮ ಮುಂದೆ, ಜನರ ಕಡೆ ಮುಖ ಮಾಡಿ ಕೂತಿದ್ದರಿಂದ ಕಂಡದ್ದು ಅವರ ಜಡೆ ಮಾತ್ರ. ಜಡೆಯಲ್ಲಿ ತಾಳ ಇರುವುದಿಲ್ಲ. ಶ್ರುತಿ ಹಿಡಿದಾಯಿತು, ನನ್ನ ಅಂಗೈ ಒದ್ದೆಯಾಯಿತು. ಆಗ ಎದುರಿಗೆ, ಮೊದಲ ಸಾಲಿನ ಕುರ್ಚಿಯಲ್ಲಿ, ಎಂಬತ್ತು ದಾಟಿದ ಗುರುಗಳು ತೊಡೆಯ ಮೇಲೆ ತಾಳ ಹಾಕುವುದು ಕಾಣಿಸಿತು. ಗುರುವಿನ ಗುರು! ಇವರ ಕೈಗಿಂತ ಭದ್ರವಾದದ್ದು ಇನ್ನೇನಿದೆ? ನಾನು ಆ ಕೈಗೆ ಕಣ್ಣು ನೆಟ್ಟೆ.

ಎರಡು ಹಾಡು ಗಡಿಯಾರದಂತೆ ನಡೆದವು. ಮೂರನೆಯ ದೇವರನಾಮದಲ್ಲಿ ಚರಣಕ್ಕೆ ಇನ್ನೊಂದೇ ಸುತ್ತು ಇರುವಾಗ ಗುರುಗಳು ತೊಡೆಯ ಮೇಲೆ ಚಟ್ ಎಂದು ಜೋರಾಗಿ ಒಂದು ಏಟು ಹಾಕಿದರು. ನಾನೂ ಹಾಕಿದೆ. ಹಾಕಿದ ಮೇಲೆ ನೋಡುತ್ತೇನೆ, ಅವರು ಅಂಗೈ ಎತ್ತಿ, ಅದಕ್ಕೆ ಅಂಟಿದ್ದ ಸೊಳ್ಳೆಯನ್ನು ಊದುತ್ತಿದ್ದಾರೆ. ಅಷ್ಟರಲ್ಲಿ ನನ್ನ ಹಿಂದೆ ಇನ್ನೊಂದು ಚಟ್, ಅದರ ಪಕ್ಕ ಮತ್ತೊಂದು, ಆಮೇಲೆ ಸಾಲುಸಾಲಾಗಿ ಚಟಚಟ. ಹತ್ತು ಜನರೂ ಒಂದು ಏಟು ತಡವಾಗಿ, ಒಗ್ಗಟ್ಟಿನಿಂದ, ಚರಣ ಎತ್ತಿಕೊಂಡೆವು. ಮೃದಂಗದವರು ತಲೆಯೆತ್ತಿ ನೋಡಿ, ನಕ್ಕು, ನಮ್ಮ ಜೊತೆಗೇ ಬಂದುಬಿಟ್ಟರು. ಮಿಸ್ಸಿನ ಬೆನ್ನು ಮಾತ್ರ ನೆಟ್ಟಗಾಯಿತು.

ಮುಗಿದ ಮೇಲೆ ಗುರುಗಳು ವೇದಿಕೆಯ ಹತ್ತಿರ ಬಂದರು. "ಎಲ್ಲ ಸರಿಯಾಗಿತ್ತಮ್ಮ. ಆ ಒಂದು ಏಟು ಜಾಸ್ತಿ ಬಂತಲ್ಲ, ಅದು ಎಲ್ಲಿಂದ ಬಂತು?" ಎಂದರು. ಮಿಸ್ ಮುಖ ಬಿಳಿಚಿತ್ತು. ನಮ್ಮ ಕಡೆ ತಿರುಗಿ, "ಮೊದಲು ತಪ್ಪಿದ್ದು ಯಾರು?" ಎಂದು ಕೇಳಿದರು. ನಿಮ್ಮ ಗುರುಗಳ ಸೊಳ್ಳೆ ಎಂದು ಹೇಳಲಾದೀತೇ? ನಾನು ಕೈ ಎತ್ತಿದೆ. ಗೌಡರೂ ಎತ್ತಿದರು. ಸಾವಿತ್ರಿಯವರು ಎತ್ತಿದರು. ನೋಡನೋಡುತ್ತ ಹತ್ತು ಕೈ ಮೇಲಿದ್ದವು. ಗುರುಗಳು ಬೊಚ್ಚುಬಾಯಿ ತೆರೆದು ನಕ್ಕು, "ಚೆನ್ನಾಗಿ ಹೇಳಿಕೊಟ್ಟಿದೀಯ ಬಿಡಮ್ಮ. ತಪ್ಪಿದ್ರೂ ಒಬ್ಬರ ಕೈ ಒಬ್ಬರು ಬಿಡಲ್ಲ" ಎಂದರು. ಮಿಸ್ ಕಣ್ಣೊರೆಸಿಕೊಂಡರು. ನಾನು ಮೇಲಿದ್ದ ಕೈಗಳನ್ನೆಲ್ಲ ಇನ್ನೊಮ್ಮೆ ನೋಡಿದೆ. ಇಂಥ ಸ್ನೇಹಿತರು!

ಮನೆಗೆ ನಡೆಯುತ್ತ ಗೌಡರನ್ನು ಕೇಳಿದೆ. "ನನ್ನ ತಪ್ಪಿಗೆ ನೀವ್ಯಾಕೆ ಕೈ ಎತ್ತಿದ್ರಿ ಗೌಡ್ರೇ?"

"ನೀವು ಎತ್ತಿದ್ರಲ್ಲ ಸಾರ್, ಅದಕ್ಕೆ ಎತ್ತಿದೆ. ನನ್ನ ಕೈ ನೋಡಿ ಅಂದಿದ್ದು ಬರೀ ಧೈರ್ಯಕ್ಕೆ, ಅವತ್ತಿಂದ್ಲೂ ನಿಮ್ಮ ಕೈ ನೋಡ್ಕೊಂಡೇ ಅಲ್ವಾ ನಾನು ಹಾಕೋದು? ಅಂದಂಗೆ, ಮಿಸ್ ಕೇಳಿದ್ದೇನು?"

ನಾನು ನಿಂತುಬಿಟ್ಟೆ. ಒಂದು ವರ್ಷ ನಾನು ಇವರನ್ನು ನೋಡಿ, ಇವರು ನನ್ನನ್ನು ನೋಡಿ ಹಾಕಿದ ತಾಳ ಸರಿಯಾಗಿತ್ತೆಂದರೆ, ಮಿಸ್ಸಿನ ಬೈಗುಳ ಯಾವಾಗಲೋ ಸದ್ದಿಲ್ಲದೆ ಒಳಗಿಳಿದಿರಬೇಕು. ಹದಿನೈದು ದಿನ ಕೂತು ಹೆಣೆದ ನನ್ನ ಚಿಂತೆಗಳಲ್ಲಿ ಒಂದೂ ನಿಜವಾಗಲಿಲ್ಲ. ಆದದ್ದು ಇಷ್ಟೇ: ಒಂದು ಸೊಳ್ಳೆ ಸತ್ತಿತು, ಮತ್ತು ನನ್ನನ್ನು ನೋಡಿ ಕಲಿಯುವವರು ಇದ್ದಾರೆಂದು ತಿಳಿಯಿತು. ಸೊಳ್ಳೆಯನ್ನು ಮರೆತೆ. ಇನ್ನೊಂದನ್ನು ನೆನೆದರೆ ಈಗಲೂ ಬಿ.ಪಿ. ಏರುತ್ತದೆ.