ಕಡವೆಕೊಂಬಿನ ಟೋಪಿ

ಎಲ್ಲಕ್ಕೂ ಕಾರಣ ಖಾಲಿ ಜಾಗ.

ಅಮೆರಿಕದ ಡುಲೂತ್ ಊರಿನ ಹಿಮ ಗುಡಿಸುವ ಲಾರಿಗಳಿಗೆ ದಾರಿ ತೋರಿಸುವ ಸಾಫ್ಟ್‌ವೇರ್ ಬರೆಯುವ ಕಚೇರಿ ಅದು. ಕೋಡ್ ಬರೆಯುವಾಗ ಒಬ್ಬರು ಸಾಲಿನ ಮುಂದೆ ಎರಡು ಸ್ಪೇಸ್ ಬಿಟ್ಟರೆ ಇನ್ನೊಬ್ಬರು ನಾಲ್ಕು ಬಿಡುತ್ತಿದ್ದರು. ಅಲ್ಲೇ ಕೋಡ್ ಬರೆಯುವ ಆರ್ಲೋ ಟೆಸ್ಮರನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ, ಎಲ್ಲರ ಕೋಡನ್ನೂ ಒಂದೇ ಅಚ್ಚಿಗೆ ತರುವ ಸಾಧನವೊಂದನ್ನು ಹಾಕಿ, ಯಾರನ್ನೂ ಕೇಳದೆ ಇಡೀ ಪ್ರಾಜೆಕ್ಟಿನ ಮೇಲೆ ಓಡಿಸಿಬಿಟ್ಟ. ನಲವತ್ತು ಸಾವಿರ ಸಾಲುಗಳು ಪ್ರಾರ್ಥನೆಗೆ ನಿಂತ ಶಾಲೆಮಕ್ಕಳಂತೆ ನೆಟ್ಟಗಾದವು.

ಅಂದು ಸಂಜೆ ನಾಲ್ಕು ಗಂಟೆಯ ಸಭೆಯಲ್ಲಿ ತಂಡದ ಹೊಸ ಮುಖ್ಯಸ್ಥನ ಹೆಸರು ಹೇಳುವವರಿದ್ದರು. ಅದು ತನ್ನದೇ ಎಂದು ಆರ್ಲೋ ಹೆಂಡತಿಗೆ ಹೇಳಿಯೂ ಆಗಿತ್ತು.

ಹತ್ತಕ್ಕೆ ನಗರಸಭೆಯಿಂದ ಫೋನ್ ಬಂತು. ಲಾರಿಯೊಂದು ಸ್ಮಶಾನದ ರಸ್ತೆಯನ್ನೇ ಹನ್ನೊಂದು ಸಲ ಗುಡಿಸಿತ್ತು. ತಪ್ಪಿದ್ದ ಸಾಲು ಬೇಗ ಸಿಕ್ಕಿತು. ಪ್ರತಿ ಸಾಲಿನ ಪಕ್ಕದಲ್ಲೂ ಅದನ್ನು ಕೊನೆಗೆ ಮುಟ್ಟಿದವರ ಹೆಸರಿರುತ್ತದೆ. ಇಲ್ಲಿದ್ದದ್ದು ಆರ್ಲೋ ಟೆಸ್ಮರ್.

"ನಾನಲ್ಲ! ನಾನು ಬರೀ ಸ್ಪೇಸ್ ಸರಿ ಮಾಡಿದ್ದು!"

"ಹೌದ್ಹೌದು. ಬೆಂಕಿ ಹಚ್ಚಿದೋನೂ ಬರೀ ಕಡ್ಡಿ ಗೀರಿದೆ ಅಂತಾನೆ," ಎಂದ ಪಕ್ಕದ ಮೇಜಿನ ಟೊಯ್ವೊ. ಕೆಲಸ ಕೆಡಿಸಿದವರು ಸಂಜೆವರೆಗೆ ಹಾಕಿಕೊಳ್ಳಬೇಕಾದ ಕಡವೆಕೊಂಬಿನ ಟೋಪಿಯನ್ನು ತಂದು ಅವನ ತಲೆಗೇರಿಸಿದ.

ಮಧ್ಯಾಹ್ನದೊಳಗೆ ಇನ್ನೂ ಮೂರು ತಪ್ಪುಗಳು ಸಿಕ್ಕವು. ಬೆಳಿಗ್ಗೆ ಎಲ್ಲ ಸಾಲನ್ನೂ ಮುಟ್ಟಿದ್ದವನು ಅವನೇ ಆದ್ದರಿಂದ ಮೂರರ ಪಕ್ಕದಲ್ಲೂ ಅವನದೇ ಹೆಸರು. ನಗರಸಭೆಯವರು ಬಂದಾಗ ಆರ್ಲೋ ಪರದೆಯ ಹಿಂದೆ ಕುಗ್ಗಿ ಕೂತ. ಕೊಂಬು ಕುಗ್ಗಲಿಲ್ಲ.

"ಅದ್ಯಾರದು?" ಎಂದರು ಅವರು.

"ನಮ್ಮ ಆರ್ಲೋ," ಎಂದಳು ಮೇಲಧಿಕಾರಿ ಮಾರ್ಲಿಸ್.

ಅವನ ಕಿವಿ ಕೆಂಪಾಯಿತು. ನಾಲ್ಕರ ಸಭೆಯಲ್ಲಿ ಎದ್ದು ನಿಂತೇಬಿಟ್ಟ. "ಮಾರ್ಲಿಸ್, ನನ್ನ ಇವತ್ತಿನ ಬದಲಾವಣೆ ತೆಗೆದು, ಲಾರಿ ಸುತ್ತಿಸಿದ ಆ ಸಾಲಿಗೆ ಹಿಂದೆ ಯಾರ ಹೆಸರಿತ್ತು ಅಂತ ನೋಡಿ. ದೊಡ್ಡ ಪರದೆ ಮೇಲೇ ನೋಡಿ!"

"ಬಿಟ್ಬಿಡೋ. ಟೋಪಿ ನೋಡಿ ನಾನು ಯಾರನ್ನೂ ಅಳೆಯಲ್ಲ. ಮುಖ್ಯಸ್ಥನ ಕೆಲಸಕ್ಕೆ ನಿನ್ನ ಹೆಸರೇ ಬರ್ಕೊಂಡು ಬಂದಿದೀನಿ."

"ಬೇಡ, ನೋಡ್ಲೇಬೇಕು. ಇಂಥ ಸಾಲು ಬರೆದೋನಿಗೆ ಕೀಬೋರ್ಡ್ ಮುಟ್ಟೋಕೇ ಬಿಡಬಾರದು!" ಎನ್ನುತ್ತ ಟೋಪಿ ಕಳಚಿ ಟೊಯ್ವೊನತ್ತ ಚಾಚಿದ.

ಪರದೆ ಬೆಳಗಿತು. ಆರು ವರ್ಷದ ಹಿಂದಿನ ತಾರೀಕು. ಸಾಲಿನ ಮುಂದೆ ಎರಡೂ ಅಲ್ಲ, ನಾಲ್ಕೂ ಅಲ್ಲ, ಮೂರು ಸ್ಪೇಸ್. ಪಕ್ಕದಲ್ಲೊಂದು ಟಿಪ್ಪಣಿ: "ಸದ್ಯಕ್ಕೆ ಹೀಗಿರಲಿ. ನಾಳೆ ಸರಿಮಾಡುತ್ತೇನೆ. ಆರ್ಲೋ ಟೆಸ್ಮರ್."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮಾರ್ಲಿಸ್ ಕೈಯಲ್ಲಿದ್ದ ಚೀಟಿಯಲ್ಲಿ ಬರೆದಿದ್ದ ಹೆಸರನ್ನು ಹೊಡೆದುಹಾಕಿ ಟೊಯ್ವೊನ ಕಡೆ ತಿರುಗಿದಳು.

ಚಾಚಿದ ಟೋಪಿಯನ್ನು ಆರ್ಲೋ ಹಿಂದಕ್ಕೆ ತೆಗೆದುಕೊಂಡು ತಾನೇ ಹಾಕಿಕೊಂಡ. ಕೊಂಬು ಸ್ವಲ್ಪ ಓರೆಯಾಗಿತ್ತು. ಈ ಸಲ ಅವನು ಅದನ್ನು ನೆಟ್ಟಗೆ ಮಾಡಲು ಹೋಗಲಿಲ್ಲ.