ಏಕ್‌ದಂ ಠೀಕ್ ಬೆನ್ನು

ಕೆಲವರಿಗೆ ನೋವಿಲ್ಲದಿದ್ದರೂ ನರಳುವುದು ಬರುತ್ತದೆ. ನನಗೆ ನೋವಿದ್ದರೂ ಬರುವುದಿಲ್ಲ. ಸೈನ್ಯದಲ್ಲಿ ಹವಾಲ್ದಾರನಾಗಿ, ಹೊರೆ ಹೊತ್ತು ಹಿಮದ ಬೆಟ್ಟಗಳನ್ನು ಹತ್ತಿ ಹತ್ತಿ, ಸೊಂಟದ ಎಲುಬು ಸವೆಸಿಕೊಂಡು ಬಂದವನು ನಾನು. ಆದರೇನು ಮಾಡಲಿ, ಸಾಹೇಬರು ಯಾರೇ ಎದುರಾಗಿ "ಕೈಸೇ ಹೋ?" ಎಂದರೂ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಳ್ಳುತ್ತವೆ, ಎದೆ ಉಬ್ಬುತ್ತದೆ, ಬಾಯಿ "ಏಕ್‌ದಂ ಠೀಕ್, ಸಾಬ್!" ಎಂದು ಗರ್ಜಿಸುತ್ತದೆ. ನಿವೃತ್ತಿಯ ಹೊತ್ತಿಗೆ ಮೆಡಿಕಲ್ ಬೋರ್ಡಿನ ಮುಂದೆಯೂ ಹಾಗೇ ಗರ್ಜಿಸಿದೆ. ಪುಣ್ಯಾತ್ಮರು ನಂಬಿಬಿಟ್ಟರು! ಅಂಗವೈಕಲ್ಯ ಅಲ್ಪ, ಅದಕ್ಕೂ ಸೇವೆಗೂ ಸಂಬಂಧವಿಲ್ಲ ಎಂದು ಬರೆದರು. ಪಿಂಚಣಿ ಹೆಚ್ಚಾದರೆ ಯಾರಿಗೆ ಬೇಡ? ಆದರೆ ಆ 'ಸಂಬಂಧವಿಲ್ಲ' ಎಂಬ ಮಾತು ನನ್ನನ್ನು ಸೊಂಟಕ್ಕಿಂತ ಹೆಚ್ಚು ನೋಯಿಸಿತು. ಮೇಲ್ಮನವಿ ಹಾಕಿದೆ.

ದಂಡಿನ ಊರು ಖಡಕಿಯ ನಮ್ಮ ಮನೆಯಲ್ಲಿ ನೋವು ಹೇಳುವ ತಾಲೀಮು ಶುರುವಾಯಿತು. ಹೆಂಡತಿ ಕಸ್ತೂರಿ ಖುರ್ಚಿಯ ಮೇಲೆ ಬೋರ್ಡಿನ ಕರ್ನಲ್ ಆಗಿ ಕೂತು, "ಬೆನ್ನು ಹ್ಯಾಂಗದ?" ಎಂದಳು. "ಏಕ್‌ದಂ..." ಎಂದೆ. "ಅಯ್ಯ, ಏನು ಬಾಯಿರೀ ನಿಮ್ದು! ದಿನಾ ಮುಂಜಾನೆ ನಿಮ್ಮ ಬೂಟಿನ ಲೇಸ್ ಕಟ್ಟೋಕಿ ನಾ. ಅದನ್ನರ ಹೇಳ್ರಿ!"

ಮಧ್ಯಾಹ್ನ ಬಿಸಿನೀರಿನ ಚೀಲದ ಮೇಲೆ ಬೆನ್ನಿಟ್ಟು ಮಲಗಿದರೆ ಕಣ್ಣು ಎಳೆಯುತ್ತಿತ್ತು. ಆ ಜೊಂಪಿನಲ್ಲಿ ನನ್ನ ಬೆನ್ನು ನನ್ನನ್ನು ಬಿಟ್ಟೆದ್ದು, ಬೋರ್ಡಿನ ಎದುರು ಕೂತು, ಚಹಾ ಕುಡಿಯುತ್ತಾ ತಾನೇ ತನ್ನ ಕಥೆ ಹೇಳುತ್ತಿತ್ತು. ಹಿಮ, ಹೊರೆ, ಕಾಲು ಜಾರಿದ ಆ ಇಳಿಜಾರು, ಒಂದನ್ನೂ ಬಿಡುತ್ತಿರಲಿಲ್ಲ. ಕರ್ನಲ್ ಸಾಹೇಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಬೆನ್ನಿಲ್ಲದ ನಾನು ಹೊರಗೆ ಹತ್ತಿಯಂತೆ ಹಗುರಾಗಿ ತೇಲುತ್ತಿದ್ದೆ. ಎಚ್ಚರವಾಗುವಷ್ಟರಲ್ಲಿ ಚೀಲ ತಣ್ಣಗಾಗಿರುತ್ತಿತ್ತು.

ಮೇಲ್ಮನವಿಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ, ಎಳೆಬಿಸಿಲಿಗೆ, ಅದೇ ಜೊಂಪು ಹತ್ತಿತು. ಹೆಸರು ಕೂಗಿದಾಗ ಅರೆನಿದ್ದೆಯಲ್ಲೇ ಒಳಗೆ ಹೋದೆ. ಸೆಲ್ಯೂಟ್ ಹೊಡೆಯುವುದು ಮರೆತೇಹೋಯಿತು. ವೈದ್ಯೆಯಾದ ಮೇಜರ್ ಒಬ್ಬರು ಕೇಳುತ್ತಾ ಹೋದರು. ನಾನು ಕನಸಿನಲ್ಲಿ ಮಾತಾಡಿದಂತೆ ಬೂಟಿನ ಲೇಸಿನವರೆಗೆ ಎಲ್ಲ ಹೇಳಿಬಿಟ್ಟೆ. ಬಗ್ಗಿಸಿ ನೋಡಿದರು, ಕಾಲೆತ್ತಿಸಿ ನೋಡಿದರು. ಕೊನೆಗೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇದು ಬೆಟ್ಟದ ಹೊರೆಯೇ ಮಾಡಿದ್ದು ಎಂದು ಹಿಂದಿಯಲ್ಲಿ ಮೆಲ್ಲಗೆ ಅಂದರು. ಆ ಒಂದು ಮಾತಿಗಾಗಿಯೇ ನಾನು ಇಷ್ಟು ಓಡಾಡಿದ್ದೆ.

ಹೊರಗೆ ಬಂದೆ. ಬಾಗಿಲ ಬಳಿ ಕಾದಿದ್ದ ಕಸ್ತೂರಿ ನನ್ನ ತೋಳು ಹಿಡಿದು, "ಏನಂದ್ರು? ಬೆನ್ನು ಹ್ಯಾಂಗದರಿ ಈಗ?" ಎಂದಳು. ಅಷ್ಟರಲ್ಲಿ ನಿದ್ದೆ ಪೂರ್ತಿ ಹರಿದಿತ್ತು. ಹಿಮ್ಮಡಿಗಳು ಟಪ್ಪನೆ ಕೂಡಿದವು. "ಏಕ್‌ದಂ ಠೀಕ್!" ಎಂದು ಗರ್ಜಿಸಿದೆ.

ಅವಳು ಗಾಬರಿಯಿಂದ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಮೆತ್ತಗ ಹೇಳ್ರಿ! ಒಳಗ ಇನ್ನೂ ಬರೀಲಿಕತ್ತಾರ!"