ಕಂಬಳಿ ಹೊದ್ದ ಸರ್ವರ್

2024ರ ನವೆಂಬರ್ 11, ಸೋಮವಾರ, ಬೆಳಿಗ್ಗೆ 8 ಗಂಟೆ 40 ನಿಮಿಷ. ಕೆರೂರಿನ ಬಸ್ ನಿಲ್ದಾಣದಲ್ಲಿ ಬಾಗಲಕೋಟೆಯ ಬಸ್ಸಿಗೆ ಕಾಯುತ್ತಿದ್ದ ಪ್ರಭುಲಿಂಗನಿಗೆ ತಾನು ಒಬ್ಬನೇ ಹೋಗುತ್ತಿಲ್ಲ ಎಂಬುದು ಗೊತ್ತಾದದ್ದು ಆಗ. ಉಣ್ಣೆ ಕಂಬಳಿ ಸಂಘದ ಅಧ್ಯಕ್ಷರಾದ ಹುಲ್ಲಪ್ಪನವರು ಹೊಸ ರುಮಾಲು ಸುತ್ತಿಕೊಂಡು ಬರುತ್ತಿದ್ದರು. ಅವರ ಹಿಂದೆ ನಿರ್ದೇಶಕ ಶಂಕ್ರಪ್ಪ. ಟಗರಿನ ಬೆನ್ನು ಒತ್ತಿ ನೋಡಿ ತೂಕ ಹೇಳುವುದರಲ್ಲಿ ಕುರಿಸಂತೆಯಲ್ಲೆಲ್ಲ ಹೆಸರಾದವರು.

ಹೊರಟಿದ್ದು ಟಗರು ತರಲಿಕ್ಕಲ್ಲ, ಸರ್ವರ್ ತರಲಿಕ್ಕೆ. ಆದರೆ ಈ ವ್ಯತ್ಯಾಸ ಮೂವರಲ್ಲಿ ಒಬ್ಬನಿಗೆ ಮಾತ್ರ ದೊಡ್ಡದಾಗಿ ಕಂಡಿತ್ತು.

ಸಂಘದ ಕಂಬಳಿಗಳನ್ನು ಊರಾಚೆಯವರೂ ಕೊಳ್ಳಲೆಂದು ಪ್ರಭುಲಿಂಗ ಒಂದು ವೆಬ್‌ಸೈಟ್ ಮಾಡಿದ್ದ. ಅದನ್ನು ತನ್ನೊಳಗೆ ಇಟ್ಟುಕೊಂಡು, ಕೇಳಿದವರಿಗೆಲ್ಲ ಹಗಲೂ ರಾತ್ರಿ ತೋರಿಸುವ ಯಂತ್ರವೇ ಸರ್ವರ್. ಸಾಮಾನ್ಯವಾಗಿ ಅದರಲ್ಲೊಂದು ಜಾಗವನ್ನು ಬಾಡಿಗೆಗೆ ಪಡೆಯುತ್ತಾರೆ. ಬಾಗಲಕೋಟೆಯಲ್ಲಿ ಕಂಪ್ಯೂಟರಿನದೇ ಏನೋ ವ್ಯವಹಾರ ಮಾಡಿಕೊಂಡಿದ್ದ ಹುಲ್ಲಪ್ಪನವರ ಅಳಿಯ ಯುವರಾಜ ಸಭೆಯಲ್ಲಿ ಅದನ್ನೇ ಹೇಳಿದ್ದ. ಮಾವ ಒಪ್ಪಲಿಲ್ಲ.

“ನಮ್ಮ ಕುರಿ ರಾತ್ರಿ ಬ್ಯಾರೇದವರ ಹೊಲದಾಗ ತರುಬಿ ನಿಲ್ಲಿಸಿದ್ರ ಹೊಲದಾಂವ ನಮಗ ಕಾಳು ಕೊಡ್ತಾನ. ಇಲ್ಲಿ ನಮ್ಮ ಮಾಲು ಅವರ ಜಾಗಾದಾಗ ನಿಲ್ಲಿಸಿ ಮ್ಯಾಲ ನಾವ ರೊಕ್ಕಾ ಕೊಡಬೇಕಂತ. ಇದ್ಯಾವ ನ್ಯಾಯ?”

ಕುರಿ ಹೊಲದಲ್ಲಿ ಗೊಬ್ಬರ ಬಿಟ್ಟು ಹೋಗುತ್ತದೆ, ವೆಬ್‌ಸೈಟ್ ಏನನ್ನೂ ಬಿಟ್ಟು ಹೋಗುವುದಿಲ್ಲ ಎಂದು ಹೇಳುವ ಧೈರ್ಯ ಸಭೆಯಲ್ಲಿ ಯಾರಿಗೂ ಇರಲಿಲ್ಲ. ಬಿಎಸ್ಸಿ ಓದಿ, ಆರು ವರ್ಷದಿಂದ ಸಂಘದಲ್ಲಿ ಹಂಗಾಮಿ ಗುಮಾಸ್ತನಾಗಿದ್ದ ಪ್ರಭುಲಿಂಗ ಮಾತ್ರ ಬಾಯಿ ತೆರೆದ. “ನಮ್ಮದ ಒಂದು ಸರ್ವರ್ ಇಟಗೋಬಹುದ್ರಿ” ಎಂದುಬಿಟ್ಟ. ಅಲ್ಲಿಗೆ ತೀರ್ಮಾನವಾಯಿತು: ನವೆಂಬರ್ 11ರ ಸಂಜೆ ಐದಕ್ಕೆ ಉದ್ಘಾಟನೆ. ನಡೆದರೆ ಪ್ರಭುಲಿಂಗನ ನೌಕರಿ ಕಾಯಂ. ನಡೆಯದಿದ್ದರೆ ಕಂಪ್ಯೂಟರ್ ಕೆಲಸವೆಲ್ಲ ಯುವರಾಜನಿಗೆ, ಪ್ರಭುಲಿಂಗ ಮನೆಗೆ.

ಮೂರು ತಿಂಗಳು ಓದಿ ಅವನು ಎಲ್ಲವನ್ನೂ ತೂಗಿ ನೋಡಿದ್ದ. ಸಾಧಾರಣ ಪ್ರೊಸೆಸರ್ ಸಾಕು, ಆದರೆ ಮೆಮೊರಿ ಒಳ್ಳೆಯದಿರಬೇಕು. ಡಿಸ್ಕ್ ಎರಡು ಬೇಕು, ಎರಡರಲ್ಲೂ ಒಂದೇ ಮಾಹಿತಿ ಇರಬೇಕು. ಕರೆಂಟ್ ಹೋದಾಗ ಕೈಹಿಡಿಯಲು ಬ್ಯಾಟರಿ ಬೇಕು. ಇದೆಲ್ಲವನ್ನೂ ಬಸ್ಸಿನಲ್ಲಿ ವಿವರಿಸಿದ. ಅರ್ಧ ದಾರಿಯಲ್ಲಿ ಶಂಕ್ರಪ್ಪ ಗೊರಕೆ ಹೊಡೆದು ಸಮ್ಮತಿ ಸೂಚಿಸಿದರು.

ಬಾಗಲಕೋಟೆಯಲ್ಲಿ ಮುರ್ತುಜಸಾಬನ ಕಂಪ್ಯೂಟರ್ ಅಂಗಡಿ. ಪ್ರಭುಲಿಂಗ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಅವನು ಒಂದು ಸಣ್ಣ ಕಪ್ಪು ಪೆಟ್ಟಿಗೆಯನ್ನು ಮುಂದಿಟ್ಟ. ಶಂಕ್ರಪ್ಪ ಅದನ್ನು ಎರಡು ಕೈಯಲ್ಲಿ ಎತ್ತಿ, ಬೆನ್ನು ಒತ್ತಿ, ಕೆಳಗಿಟ್ಟರು.

“ಮೈ ಹಿಡದಿಲ್ಲ ಇದು. ಅದನ್ನ ತಗಿ.”

ಅವರು ತೋರಿಸಿದ್ದು ಹುಡುಗರು ಆಟವಾಡಲು ಕೊಳ್ಳುವ ದೊಡ್ಡ ಪೆಟ್ಟಿಗೆ. ಗಾಜಿನ ಬಾಗಿಲು, ಆರು ಫ್ಯಾನು, ಏಳು ಬಣ್ಣದ ದೀಪ. ಮದುವೆ ಮಂಟಪವನ್ನು ಮಡಚಿ ಇಟ್ಟಂತಿತ್ತು.

ಹುಲ್ಲಪ್ಪನವರ ಗಮನ ಡಿಸ್ಕಿನ ಮೇಲಿತ್ತು. “ಎರಡರಾಗೂ ಒಂದ ಇರ್ತದ ಅಂದ್ರ ಎರಡು ಯಾಕೋ?”

“ಒಂದು ಸತ್ರ ಇನ್ನೊಂದು ಉಳೀತದಲ್ರಿ.”

“ಅಂಗಡಿ ಹೊಸ್ತಲ ದಾಟಿಲ್ಲ ಇನ್ನಾ. ಆಗಲೇ ಸಾಯೂ ಮಾತಾಡ್ತಿಯಲ್ಲೋ.”

ಎರಡನೆಯ ಡಿಸ್ಕ್ ಹಾಗೆ ತೀರಿಕೊಂಡಿತು. ಉಳಿದದ್ದು ವ್ಯಾಪಾರ. ಶಂಕ್ರಪ್ಪ ಹೆಗಲ ಮೇಲಿನ ಟವೆಲು ಕೊಡವಿ ಮುರ್ತುಜಸಾಬನ ಕೈ ಹಿಡಿದು ಅದರ ಮೇಲೆ ಹೊದಿಸಿದರು. ಮುರ್ತುಜಸಾಬನ ಅಪ್ಪ ಅಮೀನಗಡದ ಸಂತೆಯಲ್ಲಿ ಕುರಿ ವ್ಯಾಪಾರ ಮಾಡಿದವನು. ಮಗನಿಗೆ ಹೇಳಿಕೊಡುವ ಅಗತ್ಯವಿರಲಿಲ್ಲ. ಟವೆಲಿನ ಕೆಳಗೆ ಬೆರಳುಗಳು ಗುಟ್ಟಾಗಿ ದರ ಮಾತಾಡಿಕೊಂಡವು. ಮೇಲೆ ಎರಡು ಮುಖಗಳು ಒಮ್ಮೆ ಗಂಟಿಕ್ಕಿದವು, ಒಮ್ಮೆ ಸಡಿಲವಾದವು. ಮೂರು ತಿಂಗಳು ಓದಿದವನು ಟವೆಲನ್ನೇ ನೋಡುತ್ತ ನಿಂತಿದ್ದ.

ಟವೆಲು ಸರಿದಾಗ ಬ್ಯಾಟರಿ ಹೋಗಿತ್ತು, ಒಳ್ಳೆಯ ಮೆಮೊರಿಯ ಜಾಗಕ್ಕೆ ಸಾಧಾರಣದ್ದು ಬಂದಿತ್ತು.

“ಲೈಟ್ ಮಾತ್ರ ಬಿಟ್ಟುಕೊಡಲಿಲ್ಲ ನಾ” ಎಂದರು ಶಂಕ್ರಪ್ಪ.

ಹೇಗೋ ಏನೋ, ಅದೇ ಯಂತ್ರ ಮಧ್ಯಾಹ್ನ ಕೆರೂರು ತಲುಪಿ, ನಾಲ್ಕು ಗಂಟೆಯ ಹೊತ್ತಿಗೆ ನಡೆಯತೊಡಗಿತು. ಪ್ರಭುಲಿಂಗ ಮೊಬೈಲಿನಲ್ಲಿ ಸೈಟ್ ತೆರೆದ, ಕಂಬಳಿಗಳು ಕಂಡವು. ಯಂತ್ರದ ಒಳಗಿನ ಶಾಖವನ್ನೂ ಮೊಬೈಲಿಗೇ ಬರುವಂತೆ ಮಾಡಿಕೊಂಡಿದ್ದ: 41 ಡಿಗ್ರಿ. ಆ ದಿನ ಅವನು ಮೊದಲ ಬಾರಿ ಕೂತು ಚಹಾ ಕುಡಿದ. ಅದೇ ತಪ್ಪಾಯಿತು.

ಚಹಾ ಮುಗಿಯುವಷ್ಟರಲ್ಲಿ ಹುಲ್ಲಪ್ಪನವರು ಕುಲದೇವರಾದ ಬೀರಪ್ಪನ ಹೆಸರು ಹೇಳಿ ಸರ್ವರಿಗೆ ಪೂಜೆ ಮಾಡಿಯಾಗಿತ್ತು. ಕಾಯಿ ಒಡೆದು, ಬೊಗಸೆ ತುಂಬ ಭಂಡಾರ ತೂರಿದರು. ಆರು ಫ್ಯಾನುಗಳು ಆ ಅರಿಷಿಣವನ್ನೆಲ್ಲ ಭಕ್ತಿಯಿಂದ ಒಳಗೆಳೆದುಕೊಂಡು, ಅರ್ಧವನ್ನು ತಮಗೇ ಇಟ್ಟುಕೊಂಡು, ಉಳಿದರ್ಧವನ್ನು ಹಿಂದಿನಿಂದ ಹಳದಿ ಹೊಗೆಯಾಗಿ ಬಿಟ್ಟವು. ದೇವರು ಒಪ್ಪಿಕೊಂಡದ್ದಕ್ಕೆ ಇದಕ್ಕಿಂತ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ಹುಲ್ಲಪ್ಪನವರು ಸಂಘದಲ್ಲಿ ನೇಯ್ದ ಅತಿ ದಪ್ಪನೆಯ ಕರಿಕಂಬಳಿ ತರಿಸಿ ಸರ್ವರಿಗೆ ಹೊದಿಸಿದರು.

“ಗಾಳಿ ಆಡಬೇಕ್ರಿ ಅದಕ್ಕ” ಎಂದ ಪ್ರಭುಲಿಂಗ. ಕಂಬಳಿ ಸರಿಸಲು ಕೈ ಚಾಚಿದ.

“ಬೀರಪ್ಪನ ಹೆಸರಿಲೆ ಹೊಚ್ಚಿದ ಕಂಬಳಿ. ಮುಟ್ಟಬ್ಯಾಡ.”

ಮೊಬೈಲಿನಲ್ಲಿ ಅಂಕಿ ಏರಿತು. 63, 78, 90. ಕೊನೆಗೆ ಕಂಡದ್ದು 97. ಆಮೇಲೆ ಏನೂ ಕಾಣಲಿಲ್ಲ. ಕಂಬಳಿಯ ಕೆಳಗಿನ ಗುಂಯ್ ಎಂಬ ಸದ್ದು ನಿಂತಿತು. ಗುಂಡಿಯನ್ನು ಎಷ್ಟು ಒತ್ತಿದರೂ ಯಂತ್ರ ಕದಲಲಿಲ್ಲ.

ಇನ್ನು ಇಪ್ಪತ್ತೇ ನಿಮಿಷ. ಪ್ರಭುಲಿಂಗ ಉಣ್ಣೆ ಮೂಟೆಗಳ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂತ. ಸೈಟಿನ ಒಂದು ಪ್ರತಿ ಅದರಲ್ಲಿತ್ತು. ಬಾಡಿಗೆ ಸರ್ವರ್ ಎಂದು ಹುಡುಕಿದಾಗ ಮೊದಲು ಕಂಡ ಜಾಹೀರಾತನ್ನೇ ಒತ್ತಿದ. ‘ಐದೇ ನಿಮಿಷದಲ್ಲಿ ಶುರು’ ಎಂದಿತ್ತು. ಪ್ರತಿ ತಿಂಗಳೂ ಬಾಡಿಗೆ ತನ್ನ ಸ್ವಂತ ಖಾತೆಯಿಂದ ಹೋಗಲಿ ಎಂದು ಒಪ್ಪಿ, ಸೈಟನ್ನು ಅಲ್ಲಿಗೆ ಸಾಗಿಸಿ, ಸಂಘದ ಹೆಸರು ಒತ್ತಿದವರೆಲ್ಲ ಅಲ್ಲಿಗೇ ಹೋಗುವಂತೆ ಬದಲಿಸಿದ.

ಐದಕ್ಕೆ ಹುಲ್ಲಪ್ಪನವರು ಮೊಬೈಲಿನ ಮೇಲೆ ಬೆರಳಿಟ್ಟರು. ಕಂಬಳಿಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂದವು. ಚಪ್ಪಾಳೆಯೋ ಚಪ್ಪಾಳೆ. ಹುಲ್ಲಪ್ಪನವರು ಹೋಗಿ ಕಂಬಳಿಯ ಮೇಲೆ ಕೈಯಿಟ್ಟು ನೋಡಿದರು. ಒಳಗಿನ ಶಾಖವನ್ನು ಹೊರಬಿಡದಿರುವುದೇ ಕಂಬಳಿಯ ಗುಣ ಎಂಬುದು ಆ ಕ್ಷಣ ಯಾರಿಗೂ ನೆನಪಾಗಲಿಲ್ಲ, ನೇಯ್ದವರಿಗೂ.

“ಎಷ್ಟು ತಣ್ಣಗೈತಿ ನೋಡ್ರಿ.”

“ಸಪ್ಪಳ ಸೈತ ಇಲ್ಲ. ಹೇಳಿದ್ದಿಲ್ಲೇನು ನಾ, ಮೈ ಹಿಡದ ಮಾಲು ಅಂತ” ಎಂದರು ಶಂಕ್ರಪ್ಪ.

ಅಲ್ಲೇ ಸಭೆ ನಡೆದು ಪ್ರಭುಲಿಂಗನ ನೌಕರಿ ಕಾಯಂ ಆಯಿತು. ಜೊತೆಗೆ ಇನ್ನೂ ಒಂದು ತೀರ್ಮಾನ: ಬಾದಾಮಿ, ಹುನಗುಂದ, ಇಳಕಲ್ಲಿನ ಶಾಖೆಗಳಿಗೂ ಇಂಥದೇ ಒಂದೊಂದು ಸರ್ವರ್, ಒಂದೊಂದು ಕಂಬಳಿ. ಆರಿಸುವುದು ಶಂಕ್ರಪ್ಪ, ನಡೆಸುವುದು ಪ್ರಭುಲಿಂಗ.

ಜನ ಚದುರಿದ ಮೇಲೆ ಯುವರಾಜ ಮೆಲ್ಲಗೆ ಹತ್ತಿರ ಬಂದ. ಸೋತವನ ಮುಖವನ್ನು ನೋಡಲು ಪ್ರಭುಲಿಂಗ ತಿರುಗಿದ. ಆ ಮುಖ ನಗುತ್ತಿತ್ತು.

“ಮಾವನ ಮುಂದ ಹೇಳೂದಿಲ್ಲ, ಪ್ರಭಣ್ಣ. ಸರ್ವರ್ ಬಾಡಿಗಿಗೆ ಕೊಡೂದ ನನ್ನ ವ್ಯವಹಾರ. ಹೊಸಾ ಬಾಡಿಗಿದಾರ ಬಂದ್ರ ನನ್ನ ಫೋನಿಗೆ ಮೆಸೇಜ್ ಬರ್ತದ. ಇವತ್ತ ಉದ್ಘಾಟನಾಕ್ಕ ಮೊದಲ ನಿಮ್ಮ ಹೆಸರು ಬಂತು.” ಸ್ವಲ್ಪ ತಡೆದು ಸೇರಿಸಿದ: “ಉಳದ ಮೂರೂ ಶಾಖಾದ್ದು ಕೂಡೇ ತಗೋರಿ. ಸ್ವಲ್ಪ ಕಡಿಮಿ ಮಾಡ್ತೇನಿ.”

ಅಷ್ಟರಲ್ಲಿ ಹುಲ್ಲಪ್ಪನವರ ಕೂಗು ಬಂತು. ನಮ್ಮ ಸರ್ವರ್ ಎಷ್ಟು ತಣ್ಣಗಿರುತ್ತದೆ ಎಂಬುದನ್ನು ಬೇರೆ ಸಂಘದವರಿಗೆ ಲೆಕ್ಕಸಮೇತ ಹೇಳಬೇಕಂತೆ, ಅಳೆದು ಹೇಳಬೇಕಂತೆ. ಮರುದಿನ ಪ್ರಭುಲಿಂಗ ಉಣ್ಣೆಗೆ ಬಣ್ಣ ಹಾಕುವ ಕೋಣೆಯಿಂದ ಉಷ್ಣಮಾಪಕ ತಂದ. ಗೋಡೆಗೆ ಹಿಡಿದು ನೋಡಿದ. ಆಮೇಲೆ ಕಂಬಳಿಯ ಅಂಚಿನಿಂದ ಒಳಗೆ ತೂರಿಸಿ, ಓದಿದವನ ಶ್ರದ್ಧೆಯಿಂದ ಬಹಳ ಹೊತ್ತು ಕಾದು ನೋಡಿದ.

ಕೋಣೆಯಲ್ಲಿ 27.5 ಡಿಗ್ರಿ ಇತ್ತು. ಸರ್ವರಿನಲ್ಲಿ 27.5 ಡಿಗ್ರಿ.